ಕೆಲಸದ ಪಟ್ಟಿ: ಕೀಲಿ ಒತ್ತುವ ದುಡಿಮೆಯನ್ನು ಮ್ಯಾಕ್ರೊಗೆ ಬಿಡಿ

ಪ್ರತಿ ಸಾಲಿಗೂ ಗುರುತು ಹಾಕಬೇಕು, ಮುಗಿದದ್ದನ್ನು ಕತ್ತರಿಸಿ ಕೆಳಗೆ ಅಂಟಿಸಬೇಕು, ಉಳಿದದ್ದನ್ನು ದಿನಾಂಕದ ಪ್ರಕಾರ ಮತ್ತೆ ಜೋಡಿಸಬೇಕು. ಹೀಗೆ ಕೆಲಸಕ್ಕಿಂತ ಪಟ್ಟಿಯ ಉಪಚಾರವೇ ಹೆಚ್ಚಾದಾಗ ಪಟ್ಟಿ ಮೂಲೆ ಸೇರುತ್ತದೆ. ನನ್ನ ಎಷ್ಟೋ ಪಟ್ಟಿಗಳು ಹಾಗೆಯೇ ಅರ್ಧಕ್ಕೆ ನಿಂತಿದ್ದವು. ಅವುಗಳನ್ನು ಉಳಿಸಿಕೊಟ್ಟದ್ದು ಯಾವ ಹೊಸ ಆ್ಯಪ್ ಕೂಡ ಅಲ್ಲ. ಕೋಡ್ ಬರೆಯುವವರು ಬಳಸುವ ಎಡಿಟರ್‌ನಲ್ಲಿರುವ, ಅಂದರೆ ಪಠ್ಯ ಬರೆದು ತಿದ್ದುವ ತಂತ್ರಾಂಶದಲ್ಲಿರುವ, ಮ್ಯಾಕ್ರೊ ಎಂಬ ಹಳೆಯ ಸೌಲಭ್ಯ.

ನೀವು ಒತ್ತಿದ ಕೀಲಿಗಳನ್ನು ಒತ್ತಿದ ಕ್ರಮದಲ್ಲೇ ನೆನಪಿಟ್ಟುಕೊಂಡು, ಕೇಳಿದಾಗ ಹಾಗೆಯೇ ಮತ್ತೆ ಒತ್ತುವುದು ಮ್ಯಾಕ್ರೊದ ಕೆಲಸ. ಇದಕ್ಕೆ ಪ್ರೋಗ್ರಾಮಿಂಗ್ ತಿಳಿದಿರಬೇಕಿಲ್ಲ. 1976ರಲ್ಲಿ ಹುಟ್ಟಿದ ಈಮ್ಯಾಕ್ಸ್ ಎಡಿಟರ್‌ನ ಹೆಸರೇ 'ಎಡಿಟರ್ ಮ್ಯಾಕ್ರೊಸ್' ಎಂಬುದರ ಸಂಕ್ಷೇಪ. ಇಲ್ಲಿ ನಾನು ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅನ್ನು ಆರಿಸಿಕೊಂಡಿದ್ದೇನೆ. ಮೊದಲ ಬಾರಿ ಮ್ಯಾಕ್ರೊ ಮುಟ್ಟುವವರಿಗೆ ಇದಕ್ಕಿಂತ ಸುಲಭವಾದದ್ದನ್ನು ನಾನು ಕಂಡಿಲ್ಲ.

ಮೊದಲು ಪಟ್ಟಿಯ ರೂಪವನ್ನು ಗಟ್ಟಿ ಮಾಡಿಕೊಳ್ಳೋಣ. ಒಂದು ಸಾಲಿಗೆ ಒಂದೇ ಕೆಲಸ. ಆರಂಭದಲ್ಲಿ ಚೌಕ ಆವರಣ, ಆಮೇಲೆ ದಿನಾಂಕ, ಕೊನೆಗೆ ಕೆಲಸದ ವಿವರ:

[ ] 2025-03-09 ವಿದ್ಯುತ್ ಬಿಲ್ ಕಟ್ಟುವುದು
[ ] 2025-03-14 ವರದಿ ಬರೆದು ಕಳುಹಿಸುವುದು
[+] 2025-03-07 ಗ್ರಂಥಾಲಯದ ಪುಸ್ತಕ ಮರಳಿಸುವುದು

ಆವರಣ ಖಾಲಿ ಇದ್ದರೆ ಕೆಲಸ ಬಾಕಿ; ಕೂಡುವ ಚಿಹ್ನೆ ಇದ್ದರೆ ಮುಗಿದಿದೆ. ದಿನಾಂಕದಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಯಲ್ಲಿ ದಿನ. ಒಂದಂಕಿಯ ತಿಂಗಳು, ದಿನಗಳ ಹಿಂದೆ ಸೊನ್ನೆಯನ್ನು ಮರೆಯಬೇಡಿ. ಸೊನ್ನೆ ಬಿಟ್ಟರೆ ಮುಂದೆ ವಿಂಗಡಿಸುವಾಗ 14ನೇ ತಾರೀಖು 9ಕ್ಕಿಂತ ಮೇಲೆ ಹೋಗಿ ಕುಳಿತುಕೊಳ್ಳುತ್ತದೆ.

ಈಗ ಮೊದಲ ಮ್ಯಾಕ್ರೊ. ಮನಸ್ಸಿಗೆ ಬಂದ ಕೆಲಸಗಳನ್ನೆಲ್ಲ ಆವರಣದ ಗೊಡವೆಯಿಲ್ಲದೆ, ದಿನಾಂಕ ಮತ್ತು ವಿವರವನ್ನಷ್ಟೇ ಸಾಲುಸಾಲಾಗಿ ಬರೆದುಬಿಡಿ. ಆಮೇಲೆ ವ್ಯೂ ಮೆನುವಿಗೆ ಹೋಗಿ ವರ್ಡ್ ರ‍್ಯಾಪ್ ಆಯ್ಕೆಯನ್ನು ತೆಗೆದುಹಾಕಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಆ ಆಯ್ಕೆ ಇದ್ದಾಗ ಉದ್ದನೆಯ ಸಾಲು ಪರದೆಯ ಮೇಲೆ ಎರಡಾಗಿ ಮಡಚಿಕೊಳ್ಳುತ್ತದೆ. ಕೆಳಬಾಣದ ಕೀಲಿ ಒತ್ತಿದರೆ ಕರ್ಸರ್ ಮುಂದಿನ ಕೆಲಸಕ್ಕೆ ಇಳಿಯದೆ ಅದೇ ಕೆಲಸದ ಮಡಿಕೆಯಲ್ಲಿ ನಿಲ್ಲುತ್ತದೆ. ಮ್ಯಾಕ್ರೊಗೆ ಅದು ತಿಳಿಯುವುದಿಲ್ಲ, ವಾಕ್ಯದ ನಡುವೆಯೇ ಆವರಣ ತುರುಕಿಬಿಡುತ್ತದೆ.

ಕರ್ಸರ್ ಅನ್ನು ಮೊದಲ ಸಾಲಿನಲ್ಲಿಟ್ಟು ಕಂಟ್ರೋಲ್, ಶಿಫ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಒತ್ತುವ ಕೀಲಿಗಳ ದಾಖಲೆ ಆರಂಭವಾಯಿತು. ಹೋಮ್ ಕೀಲಿ ಒತ್ತಿ. ಆವರಣ ತೆರೆದು, ಒಂದು ಖಾಲಿ ಜಾಗ ಬಿಟ್ಟು, ಆವರಣ ಮುಚ್ಚಿ, ಇನ್ನೊಂದು ಖಾಲಿ ಜಾಗ ಬಿಡಿ. ಕೆಳಬಾಣ ಒತ್ತಿ. ಮತ್ತೆ ಕಂಟ್ರೋಲ್, ಶಿಫ್ಟ್, ಆರ್ ಒತ್ತಿದರೆ ದಾಖಲೆ ನಿಲ್ಲುತ್ತದೆ. ಇಷ್ಟರಲ್ಲಿ ಮೊದಲ ಸಾಲಿನ ಕೆಲಸ ಮುಗಿದೇ ಹೋಗಿದೆ, ಕರ್ಸರ್ ಎರಡನೆಯದರಲ್ಲಿದೆ. ಕಂಟ್ರೋಲ್, ಶಿಫ್ಟ್, ಪಿ ಒತ್ತಿದಂತೆಲ್ಲ ಒಂದೊಂದೇ ಸಾಲು ಸಿದ್ಧವಾಗುತ್ತದೆ. ಸಾಲುಗಳು ಬಹಳ ಇದ್ದರೆ ಮ್ಯಾಕ್ರೊ ಮೆನುವಿನಲ್ಲಿ ಅದನ್ನು ಹಲವು ಬಾರಿ ಓಡಿಸುವ ಆಯ್ಕೆಯಿದೆ. ಇಷ್ಟು ಬಾರಿ ಎಂದೂ ಹೇಳಬಹುದು, ಫೈಲಿನ ಕೊನೆಯವರೆಗೆ ಎಂದೂ ಹೇಳಬಹುದು.

ಇಡೀ ವಿದ್ಯೆಯ ಗುಟ್ಟು ಆ ಹೋಮ್ ಕೀಲಿಯಲ್ಲಿದೆ. ಸಾಲಿನಲ್ಲಿ ಕರ್ಸರ್ ಎಲ್ಲೇ ಇರಲಿ, ಮ್ಯಾಕ್ರೊ ಒಂದು ಖಚಿತ ಜಾಗದಿಂದ ಹೊರಡಬೇಕು. ಹಾಗೆಯೇ ಒಂದು ಸಾಲಿನ ಕೆಲಸ ಮುಗಿಸಿ ಮುಂದಿನ ಸರದಿಗೆ ಸರಿಯಾದ ಸ್ಥಳದಲ್ಲಿ ಕರ್ಸರ್ ಬಿಡಬೇಕು. ಕೈತಪ್ಪುವ ಮ್ಯಾಕ್ರೊಗಳನ್ನು ಬಿಚ್ಚಿ ನೋಡಿದಾಗಲೆಲ್ಲ ನನಗೆ ಸಿಕ್ಕಿರುವುದು ಈ ಎರಡರಲ್ಲಿ ಒಂದು ತಪ್ಪು. ದಾಖಲಿಸುವಾಗ ಮೌಸ್ ಮುಟ್ಟಬೇಡಿ, ಕ್ಲಿಕ್ಕುಗಳು ದಾಖಲಾಗುವುದಿಲ್ಲ.

ಎರಡನೆಯ ಮ್ಯಾಕ್ರೊ ಮುಗಿದ ಕೆಲಸಕ್ಕೆ ಗುರುತು ಹಾಕುವುದು. ಮೊದಲಿನಂತೆಯೇ ದಾಖಲೆ ಆರಂಭಿಸಿ: ಹೋಮ್, ಬಲಬಾಣ, ಡಿಲೀಟ್, ಕೂಡುವ ಚಿಹ್ನೆ. ನಾಲ್ಕೇ ಕೀಲಿ. ಈ ಪುಟ್ಟ ಮ್ಯಾಕ್ರೊ ನನಗೆ ಬಹಳ ಪ್ರಿಯ, ಏಕೆಂದರೆ ಮುಗಿದ ಸಾಲಿನ ಮೇಲೆ ಅದನ್ನು ತಪ್ಪಿ ಇನ್ನೊಮ್ಮೆ ಓಡಿಸಿದರೂ ಹಳೆಯ ಚಿಹ್ನೆ ಅಳಿದು ಅದೇ ಚಿಹ್ನೆ ಮತ್ತೆ ಕೂರುತ್ತದೆ, ಹಾನಿಯಿಲ್ಲ. ಮೊದಲ ಮ್ಯಾಕ್ರೊ ಹಾಗಲ್ಲ. ಎರಡು ಬಾರಿ ಓಡಿದರೆ ಎರಡು ಆವರಣ ಬೀಳುತ್ತವೆ. ಹಾಗಾದಾಗ ಕಂಟ್ರೋಲ್, ಜೆಡ್ ಒತ್ತಿ ಹಿಂದಕ್ಕೆ ಬನ್ನಿ.

ಮುಗಿದದ್ದನ್ನು ಕೆಳಕ್ಕೆ ಸಾಗಿಸಲು ಮೂರನೆಯ ಮ್ಯಾಕ್ರೊ ಬೇಕೇ ಬೇಡ. ಎಡಿಟ್ ಮೆನುವಿನ ಲೈನ್ ಆಪರೇಷನ್ಸ್ ಒಳಗೆ ಸಾಲುಗಳನ್ನು ಅಕ್ಷರಕ್ರಮದಲ್ಲಿ ಏರಿಕೆಯಾಗಿ ವಿಂಗಡಿಸುವ ಆಜ್ಞೆಯಿದೆ. ಕಂಪ್ಯೂಟರಿನ ಅಕ್ಷರ ಪಟ್ಟಿಯಲ್ಲಿ ಖಾಲಿ ಜಾಗದ ಸಂಖ್ಯೆ 32, ಕೂಡುವ ಚಿಹ್ನೆಯದು 43. ಆದ್ದರಿಂದ ಬಾಕಿ ಕೆಲಸಗಳೆಲ್ಲ ಮೇಲಕ್ಕೆ ಬರುತ್ತವೆ, ಮುಗಿದವು ಕೆಳಗೆ ಸೇರುತ್ತವೆ. ಎರಡು ಗುಂಪಿನೊಳಗೂ ದಿನಾಂಕದ ಕ್ರಮ ತಾನಾಗಿ ಮೂಡುತ್ತದೆ. ಆ ಚಿಹ್ನೆಯನ್ನೂ ಆ ದಿನಾಂಕದ ರೂಪವನ್ನೂ ಆರಿಸಿದ್ದು ಇದಕ್ಕಾಗಿಯೇ. ಪಟ್ಟಿಯ ನಡುವೆ ಖಾಲಿ ಸಾಲುಗಳಿದ್ದರೆ ಅವು ತಲೆಯ ಮೇಲೆ ಬಂದು ಕೂರುತ್ತವೆ, ಮೊದಲೇ ತೆಗೆದುಬಿಡಿ.

ಕೆಲಸವನ್ನು ನಾಳೆಗೆ ಮುಂದೂಡಲು ಈ ಮ್ಯಾಕ್ರೊ ನೆರವಾಗದು. ಅದು ಕೀಲಿಗಳನ್ನು ಬಲ್ಲದು, ಪಂಚಾಂಗವನ್ನಲ್ಲ. ದಿನಾಂಕವನ್ನು ಕೈಯಾರೆ ತಿದ್ದಿ ಮತ್ತೆ ವಿಂಗಡಿಸಿ. ಹೊಸ ದಿನಾಂಕ ಬರೆಯುವ ಆ ಗಳಿಗೆಯಲ್ಲಿ ಕೆಲಸ ನಿಜಕ್ಕೂ ಬೇಕೇ ಎಂದು ಯೋಚಿಸಲು ಸಿಗುವ ಅವಕಾಶ ನನಗೆ ಮುಖ್ಯ.

ಬೇರೆ ಎಡಿಟರ್ ಬಳಸುವವರಿಗೂ ದಾರಿ ಇದೆ. ವಿಮ್‌ನಲ್ಲಿ ಕ್ಯೂ ಕೀಲಿಯ ಜೊತೆಗೆ ಒಂದು ಅಕ್ಷರ ಒತ್ತಿ ದಾಖಲಿಸಬೇಕು, ಅಟ್ ಚಿಹ್ನೆ ಮತ್ತು ಅದೇ ಅಕ್ಷರ ಒತ್ತಿ ಓಡಿಸಬೇಕು. ಈಮ್ಯಾಕ್ಸ್‌ನಲ್ಲಿ ಎಫ್3 ಆರಂಭಕ್ಕೆ, ಎಫ್4 ಮುಗಿಸಲು ಮತ್ತು ಮರುಓಟಕ್ಕೆ. ವಿಎಸ್ ಕೋಡ್‌ಗೆ ಮಾತ್ರ ವಿಸ್ತರಣೆಯೊಂದನ್ನು ಸೇರಿಸಿಕೊಳ್ಳಬೇಕಾಗುತ್ತದೆ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಹೊಸದನ್ನು ದಾಖಲಿಸಿದ ಕೂಡಲೇ ಹಳೆಯ ದಾಖಲೆ ಅಳಿದುಹೋಗುತ್ತದೆ. ಆದ್ದರಿಂದ ಮೊದಲ ಮ್ಯಾಕ್ರೊ ಸರಿಯಾಗಿ ಓಡಿದೊಡನೆ ಮ್ಯಾಕ್ರೊ ಮೆನುವಿನಿಂದ ಅದಕ್ಕೊಂದು ಹೆಸರು, ಒಂದು ಶಾರ್ಟ್‌ಕಟ್ ಕೊಟ್ಟು ಉಳಿಸಿ, ಆಮೇಲೆ ಎರಡನೆಯದಕ್ಕೆ ಕೈಹಾಕಿ. ಉಳಿಸಿದವೆಲ್ಲ 'ಶಾರ್ಟ್‌ಕಟ್ಸ್' ಹೆಸರಿನ ಎಕ್ಸ್‌ಎಂಎಲ್ ಫೈಲಿನಲ್ಲಿ ಇರುತ್ತವೆ. ಕಂಪ್ಯೂಟರ್ ಬದಲಿಸುವಾಗ ಪಟ್ಟಿಯ ಜೊತೆಗೆ ಅದನ್ನೂ ನಕಲು ಮಾಡಿಕೊಳ್ಳಿ.