ಕಾರವಾರದಲ್ಲಿ ಬಾರದ ರೈಲಿನ ಜಾಡು ಹಿಡಿದು ಒಂದು ದಿನ

ನಮ್ಮ ಮನೆಗೆ ಬರುವ ನೆಂಟರು ಕಾರವಾರದಲ್ಲಿ ಬೀಚ್, ಚಪಲ್ ಯುದ್ಧನೌಕೆಯ ಮ್ಯೂಸಿಯಂ, ಮೀನೂಟ ಇಷ್ಟು ಮುಗಿಸಿ ಸಂಜೆಗೆ ಗೋವಾ ಕಡೆ ಹೊರಟುಬಿಡುತ್ತಾರೆ. ಅವರನ್ನು ಇನ್ನೊಂದು ದಿನ ಉಳಿಸಿಕೊಂಡು ನಾನು ಬೇರೆಯದೇ ಕಾರವಾರ ತೋರಿಸುತ್ತೇನೆ. ನೂರು ವರ್ಷಕ್ಕೂ ಮೊದಲೇ ಬರಬೇಕಿದ್ದ ರೈಲಿಗಾಗಿ ಸಜ್ಜಾಗಿ ನಿಂತಿದ್ದ ಊರು ಇದು. ಹಳೇ ಹಳಿ ಹುಡುಕಿದರೆ ಒಂದು ತುಂಡೂ ಸಿಗುವುದಿಲ್ಲ. ಬಂದರು, ದೀಪಸ್ತಂಭ, ಘಟ್ಟದ ರಸ್ತೆ, ಇವೇ ಆ ರೈಲಿನ ಕುರುಹು. ಮಳೆಗಾಲ ಬೇಡ, ನವೆಂಬರ್‌ನಿಂದ ಫೆಬ್ರವರಿ ಒಳಗೆ ಬನ್ನಿ.

ಬೆಳಿಗ್ಗೆ ಬೇಗ ಬೈತಖೋಲ ಬಂದರಿಗೆ ಹೋಗಿ. ದೋಣಿಗಳು ಬಂದಿದ್ದರೆ ದಕ್ಕೆಯ (ದೋಣಿ ನಿಲ್ಲುವ ಕಟ್ಟೆಯ) ಮೇಲೆ ಕಾಲಿಡಲೂ ಜಾಗ ಇರುವುದಿಲ್ಲ. ಒಂದು ಬದಿಗೆ ನಿಂತು ನೋಡಿ. ಹೆಂಗಸರು ಬಂಗಡೆಯನ್ನು ಗಾತ್ರ ನೋಡಿ ಬೇರೆ ಮಾಡುತ್ತಿರುತ್ತಾರೆ. ನೆರಳಿದ್ದಲ್ಲಿ ಯಾರೋ ಹರಿದ ಬಲೆಯ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ, ನೈಲಾನ್ ದಾರದಲ್ಲಿ ಒಂದೊಂದೇ ಕಣ್ಣು ಹೆಣೆಯುತ್ತಿರುತ್ತಾರೆ. ಫೋಟೋ ತೆಗೆಯುವ ಮೊದಲು ಕೇಳಿ. ದಕ್ಷಿಣಕ್ಕೆ ಅರಗಾದಲ್ಲಿ ನೌಕಾನೆಲೆ ಇದೆ, ಆ ಕಡೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ.

ಇಲ್ಲಿ ನಿಂತೇ ನೆಂಟರಿಗೆ ಕಥೆ ಹೇಳುತ್ತೇನೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿಯ ಬರ ಬಂತು. ಅವರ ಕಣ್ಣು ನಮ್ಮ ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಒಳ್ಳೆಯ ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಮೀನುಗಾರರ ಹಳ್ಳಿಯಾಗಿದ್ದ ಕಾರವಾರ ಜಿಲ್ಲೆಯ ಮುಖ್ಯ ಊರಾಯಿತು. ಎದುರಿನ ದೇವಗಡ ದ್ವೀಪದಲ್ಲಿ 1864ರಲ್ಲಿ ದೀಪ ಹೊತ್ತಿತು. ಹುಬ್ಬಳ್ಳಿಯಿಂದ ಇಲ್ಲಿಗೆ ರೈಲು ತರುವ ಯೋಜನೆಯೂ ನಡೆದಿತ್ತು. ಕೊನೆಗೆ ಹಳಿ ಗೋವೆಗೆ ತಿರುಗಿತು. 1888ರಲ್ಲಿ ಕ್ಯಾಸಲ್‌ರಾಕ್ ಮೂಲಕ ಮುರಗಾಂವ್ ಬಂದರಿಗೆ ಗಾಡಿ ಓಡಿತು. ಕಾರವಾರ, ಕುಮಟಾ ಎರಡೂ ಬಂದರುಗಳ ಹತ್ತಿ ವ್ಯಾಪಾರ ಅಲ್ಲಿಗೆ ಸೋತಿತು. ಕುಮಟಾದ ಹೆಸರಲ್ಲೇ ಹತ್ತಿ ಮಾರಾಟವಾಗುತ್ತಿದ್ದ ಕಾಲ ಅದು. ನನಗೆ ಈಗಲೂ ಇದು ಸಂಕಟದ ವಿಷಯವೇ.

ಊರೊಳಗೆ ಜಾಸ್ತಿ ಹೊತ್ತು ಕಳೆಯಬೇಡಿ. ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ ತರುಣ ರವೀಂದ್ರರು ಬಂದು ಉಳಿದಿದ್ದರು. ಅಂದರೆ ಗೋವೆಯ ಹಳಿಯಲ್ಲಿ ಗಾಡಿ ಓಡುವ ಮೊದಲಿನ ಕಾರವಾರವನ್ನೇ ಅವರು ನೋಡಿದ್ದು.

ಈಗ ನಿಜವಾದ ರೈಲು ಹತ್ತೋಣ. ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯಿಂದ ಆಟೋ ಹಿಡಿಯಿರಿ. ಕೊಂಕಣ ರೈಲ್ವೆ ಪೂರ್ತಿ ಶುರುವಾದದ್ದು 1998ರ ಜನವರಿ 26ಕ್ಕೆ. ಮಡಗಾಂವ್ ಕಡೆ ಹೋಗುವ ಪ್ಯಾಸೆಂಜರ್ ಗಾಡಿಗೆ ಅಸ್ನೋಟಿಯವರೆಗೆ ಟಿಕೆಟ್ ತಗೊಳ್ಳಿ. ಸಮಯ ಬದಲಾಗುತ್ತಿರುತ್ತದೆ, ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಎಡಗಡೆ ಕಿಟಕಿ ಹಿಡಿಯಿರಿ. ಸೇತುವೆ ಬಂದ ಕೂಡಲೇ ಗಾಡಿಯ ಸದ್ದು ಬದಲಾಗುತ್ತದೆ, ಕೆಳಗೆ ಕಾಳಿ ನದಿ ಸಮುದ್ರದಷ್ಟೇ ಅಗಲವಾಗಿ ಹರಡಿಕೊಂಡಿರುತ್ತದೆ. ಇಷ್ಟು ಅಗಲದ ಹೊಳೆಗಳು ಒಂದರ ಹಿಂದೊಂದು ಇರುವ ಕರಾವಳಿಯಲ್ಲಿ ಹಳಿ ಹಾಕುವುದು ಎಷ್ಟು ಕಷ್ಟ ಅಂತ ಆ ಕಿಟಕಿಯಲ್ಲೇ ಅರ್ಥವಾಗುತ್ತದೆ. ಹೊಳೆಗಳ ನಡುವೆ ಗುಡ್ಡಗಳೂ ಇವೆ. ದಕ್ಷಿಣಕ್ಕೆ ಅಂಕೋಲಾ ಕಡೆ ಹೋದರೆ ಮೂರು ಕಿಲೋಮೀಟರಿಗೆ ಚೂರು ಕಡಿಮೆ ಉದ್ದದ ಸುರಂಗ ಸಿಗುತ್ತದೆ. ಹಳಿ ಮೇಲೆ ನಡೆಯುವುದು, ಸುರಂಗದ ಬಾಯಿಗೆ ಹೋಗಿ ಸೆಲ್ಫಿ ತೆಗೆಯುವುದು ದಯವಿಟ್ಟು ಬೇಡ. ಅಪರಾಧ ಮಾತ್ರ ಅಲ್ಲ, ಜೀವಕ್ಕೇ ಅಪಾಯ.

ಅಸ್ನೋಟಿ ಚಿಕ್ಕ ಸ್ಟೇಷನ್. ಗೊತ್ತಿರುವ ಆಟೋದವರಿಗೆ ಮೊದಲೇ ಫೋನ್ ಮಾಡಿಟ್ಟರೆ ನಿಶ್ಚಿಂತೆ. ಅಲ್ಲಿಂದ ಸದಾಶಿವಗಡಕ್ಕೆ ಬನ್ನಿ. ಸೋದೆ ಅರಸರ ಕೋಟೆ ಇದ್ದ ಗುಡ್ಡ, ದುರ್ಗಾದೇವಿ ಗುಡಿಯೂ ದರ್ಗಾವೂ ಅಲ್ಲೇ ಇವೆ. ಮೇಲೆ ಹತ್ತಿದರೆ ಕಾಳಿಯ ಅಳಿವೆ, ಹೆದ್ದಾರಿ ಸೇತುವೆ, ದೂರದಲ್ಲಿ ದೇವಗಡದ ದೀಪಸ್ತಂಭ ಎಲ್ಲ ಒಟ್ಟಿಗೆ ಕಾಣುತ್ತವೆ. ಬೆಳಿಗ್ಗೆ ಕೇಳಿದ ಕಥೆ ಇಲ್ಲಿ ಕೂಡಿಕೊಳ್ಳುತ್ತದೆ, ಅದಕ್ಕೇ ಇದನ್ನು ಕೊನೆಗೆ ಇಟ್ಟುಕೊಳ್ಳಿ ಅನ್ನುವುದು.

ವಾಪಸ್ ಬರುವಾಗ ಬಸ್ಸಿನಲ್ಲಿ ಸೇತುವೆ ದಾಟಿ ಕೋಡಿಬಾಗದಲ್ಲಿ ಇಳಿಯಿರಿ. ಸೇತುವೆ ಆಗುವ ಮೊದಲು ನಮ್ಮಜ್ಜಿ ಇಲ್ಲಿಂದಲೇ ತಾರಿ, ಅಂದರೆ ದೋಣಿ ಹತ್ತಿ ಹೊಳೆ ದಾಟುತ್ತಿದ್ದರು. ಆಮೇಲೆ ಬಂದ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿಯಿತು. ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ಕತ್ತಲಲ್ಲೇ ಉಳಿಸಿಕೊಂಡರು. ಆ ಕೆಲಸಕ್ಕೆ ಕೈಜೋಡಿಸಿದ ಮೀನುಗಾರರ ಬಗ್ಗೆ ನಮಗೆಲ್ಲ ಹೆಮ್ಮೆ.

ಇನ್ನೊಂದು ದಿನ ಇದ್ದರೆ ಹುಬ್ಬಳ್ಳಿ ಬಸ್ ಹತ್ತಿ ಅರಬೈಲ್ ಘಟ್ಟ ನೋಡಿ. ಹುಬ್ಬಳ್ಳಿ–ಅಂಕೋಲಾ ರೈಲಿಗಾಗಿ ನಾವು ಇನ್ನೂ ಕಾಯುತ್ತಿದ್ದೇವೆ. ಹಾಗಾಗಿ ಇವತ್ತಿಗೂ ಸರಕೆಲ್ಲ ಈ ತಿರುವುಗಳಲ್ಲೇ ಲಾರಿ ಮೇಲೆ ಇಳಿಯುತ್ತದೆ. ಯಲ್ಲಾಪುರದವರೆಗೆ ಟಿಕೆಟ್ ಸಾಕು. ಅಲ್ಲಿಂದ ಮಾಗೋಡು ಜಲಪಾತಕ್ಕೆ ಗಾಡಿ ಮಾಡಿಕೊಂಡು ಹೋಗಬಹುದು. ಕಾರವಾರಕ್ಕೆ ಕೊನೇ ಬಸ್ ಎಷ್ಟು ಗಂಟೆಗೆ ಅಂತ ಯಲ್ಲಾಪುರ ಸ್ಟ್ಯಾಂಡಿನಲ್ಲಿ ವಿಚಾರಿಸಿಕೊಂಡೇ ಮುಂದೆ ಹೊರಡಿ.