ಹನ್ನೆರಡು ಕೈ, ಒಂದೇ ಕಾಲಿಂಚು: ಕ್ವಿಲ್ಟ್ ಬ್ಲಾಕ್ ವಿನಿಮಯ ನಡೆಸಿದ ಬಗೆ

ಕ್ವಿಲ್ಟ್ ಎಂದರೆ ತುಂಡುಬಟ್ಟೆ ಜೋಡಿಸಿ ಹೊಲಿದ ಹೊದಿಕೆ, ಬ್ಲಾಕ್ ಎಂದರೆ ಅದರ ಒಂದೊಂದು ಚೌಕ. ಕ್ವಿಲ್ಟ್ ಬ್ಲಾಕ್ ವಿನಿಮಯದ ಲೆಕ್ಕ ಸರಳ. ಹನ್ನೆರಡು ಜನ ಸೇರಿದರೆ ಒಬ್ಬೊಬ್ಬರೂ ಒಂದೇ ವಿನ್ಯಾಸದ 12 ಬ್ಲಾಕ್ ಹೊಲಿದು ವಿನಿಮಯ ನಡೆಸುವವರಿಗೆ ಕಳಿಸುತ್ತಾರೆ. ಹನ್ನೆರಡು ಕೈಯ ಹನ್ನೆರಡು ಬ್ಲಾಕ್ ಪ್ರತಿಯೊಬ್ಬರಿಗೂ ವಾಪಸ್ ಬರುತ್ತವೆ. ನಮ್ಮ ಕೌದಿಯಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ತೇಪೆಯನ್ನು ನೇರವಾಗಿ ಹಳೇ ಸೀರೆಯ ಪದರಗಳ ಮೇಲಿಟ್ಟು ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ತೇಪೆ ಹೊದಿಕೆ ಕವಂದಿಯೂ ಅಂಚಿನಿಂದ ನಡುವಿಗೆ ಬೆಳೆಯುತ್ತದೆ. ಬಿಡಿ ಬ್ಲಾಕ್ ಅನ್ನುವುದೇ ಇಲ್ಲ, ಅಳತೆ ಕೊಂಚ ತಪ್ಪಿದರೆ ಪಕ್ಕದ ತೇಪೆ ಅದನ್ನು ನುಂಗಿಕೊಳ್ಳುತ್ತದೆ. ವಿನಿಮಯದಲ್ಲಿ ಹಾಗಲ್ಲ, ಒಬ್ಬರ ತಪ್ಪು ಹನ್ನೊಂದು ಮನೆಗೆ ಹೋಗಿ ಕೂರುತ್ತದೆ.

ನಾವು ಆರಿಸಿದ್ದು ಫ್ರೆಂಡ್‌ಶಿಪ್ ಸ್ಟಾರ್. ಒಂಬತ್ತು ಮನೆಯ ಬ್ಲಾಕ್: ನಡುವೆ ಬಣ್ಣದ ಚೌಕ, ನಾಲ್ಕು ಮೂಲೆಗೆ ಬಿಳಿ ಚೌಕ, ಉಳಿದ ನಾಲ್ಕು ಕಡೆ ಅರ್ಧ ಬಿಳಿ ಅರ್ಧ ಬಣ್ಣದ ತ್ರಿಕೋನ ಜೋಡಿ. ಕ್ವಿಲ್ಟಿನಲ್ಲಿ ಸೇರಿದ ಮೇಲೆ 12 ಇಂಚು, ಕಳಿಸುವಾಗ 12½ ಇಂಚು. ಈ ಎರಡು ಸಂಖ್ಯೆಯನ್ನೂ ಒಟ್ಟಿಗೇ ಬರೆದು ಕೊಡಬೇಕು. ಬರೀ 'ಹನ್ನೆರಡು ಇಂಚಿನ ಬ್ಲಾಕ್' ಎಂದರೆ ಯಾರಾದರೊಬ್ಬರು ಮಾರ್ಜಿನ್ (ಹೊಲಿಗೆಯೊಳಗೆ ಹೋಗುವ ಅಂಚು) ಸೇರಿಸಿ ಹನ್ನೆರಡಕ್ಕೇ ಕತ್ತರಿಸಿ ಕಳಿಸುವುದು ಖಂಡಿತ.

ಒಬ್ಬರ 12 ಬ್ಲಾಕಿಗೆ ಬಿಳಿಯಲ್ಲಿ 4½ ಇಂಚಿನ 48 ಚೌಕ, 5 ಇಂಚಿನ 24 ಚೌಕ ಬೇಕು. ಬಣ್ಣದಲ್ಲಿ 4½ ಇಂಚಿನ 12, 5 ಇಂಚಿನ 24. ಬಳಕೆಗೆ 42 ಇಂಚು ಸಿಗುವ ಪನ್ನದಲ್ಲಿ (ಬಟ್ಟೆಯ ಅಗಲದಲ್ಲಿ) ಬಿಳಿ 42 ಇಂಚು ಉದ್ದ, ಬಣ್ಣ 24 ಇಂಚು ಉದ್ದ ಹಿಡಿಯುತ್ತದೆ. ಕುಗ್ಗುವುದಕ್ಕೂ ತಪ್ಪಿಗೂ ಸೇರಿಸಿ ಬಿಳಿ 1¼ ಮೀಟರ್, ಬಣ್ಣ ಮುಕ್ಕಾಲು ಮೀಟರ್. ಬಿಳಿಯನ್ನು ಮಾತ್ರ ಒಬ್ಬರೇ, ಒಂದೇ ಥಾನಿನಿಂದ, 15 ಮೀಟರ್ ತಂದು ಹಂಚಿದೆವು. ಅವರವರೇ ತಂದರೆ ಒಂದು ಹಾಲುಬಿಳಿ, ಒಂದು ಕೆನೆಬಿಳಿ, ಒಂದು ನೀಲಿ ಹಾಕಿದ ಬಿಳಿ. ಪಕ್ಕಪಕ್ಕ ಇಟ್ಟಾಗ ಹಳತು ಹೊಸತು ಬೆರೆತ ಹಾಗೆ ಕಾಣುತ್ತದೆ.

ಬಟ್ಟೆ ನೂರಕ್ಕೆ ನೂರು ಹತ್ತಿಯೇ ಆಗಬೇಕು. ಅನುಮಾನವಿದ್ದರೆ ಒಂದೆಳೆ ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎಲ್ಲರೂ ಒಗೆದೇ ಕತ್ತರಿಸಬೇಕು. ಅಜ್ರಕ್, ಬಗರು, ಕಲಂಕಾರಿ ಬಟ್ಟೆಗಳ ಕೆಂಪು ಮತ್ತು ನೀಲಿ ಬಣ್ಣ ಬಿಡುತ್ತವೆ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬುದನ್ನು ನಂಬಿ ಕೂರಬೇಡಿ. ನೀರು ತಿಳಿಯಾಗುವ ತನಕ ಒಗೆದು, ಒದ್ದೆ ಬಟ್ಟೆಯ ಮೇಲೆ ಬಿಳಿ ತುಂಡಿಟ್ಟು ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಈ ಕೆಲಸಕ್ಕೆ ಬೇಡ. ಒಗೆದ ಮೇಲೆ ತೆಳು ಗಂಜಿ ಹಾಕಿದರೆ ಅಡ್ಡಡ್ಡ ಎಳೆದಾಡುವ ತ್ರಿಕೋನದ ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಗಂಜಿ ಬಟ್ಟೆಯನ್ನು ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಹುಳ ಬರುತ್ತದೆ.

ಇನ್ನು ಕಾಲಿಂಚಿನ ಮಾರ್ಜಿನ್. ವಿನಿಮಯ ಗೆಲ್ಲುವುದೂ ಸೋಲುವುದೂ ಇಲ್ಲೇ. ಮನೆಯ ಹಳೇ ಕಾಲುಮೆಷಿನ್ನಿನಲ್ಲಿ ಬಟ್ಟೆ ಒತ್ತಿಹಿಡಿಯುವ ಫೂಟ್ ಕಾಲಿಂಚಿನ ಅಳತೆಗೆ ಮಾಡಿದ್ದಲ್ಲ. ಅದರ ಅಂಚು ಹಿಡಿದು ಹೊಲಿದರೆ ಅಳತೆ ಏರುಪೇರಾಗುತ್ತದೆ. ಒಂದೊಂದು ಹೊಲಿಗೆಯಲ್ಲಿ ಎರಡೂ ಬದಿಗೆ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಒಳಗೆ ಹೋದರೂ, ಆ ಹೊಲಿಗೆಗೆ ಅದರ ಎರಡರಷ್ಟು. ಒಂಬತ್ತು ಮನೆಯ ಬ್ಲಾಕಿನಲ್ಲಿ ಎರಡು ಹೊಲಿಗೆ, ಒಟ್ಟು ಕಾಲಿಂಚು ಹೋಯಿತು. ಅದಕ್ಕೇ ಬ್ಲಾಕ್ ಶುರು ಮಾಡುವ ಮೊದಲು ಎಲ್ಲರಿಗೂ ಒಂದು ಪರೀಕ್ಷೆ. 1½ ಇಂಚು ಅಗಲ, 3½ ಇಂಚು ಉದ್ದದ ಮೂರು ಪಟ್ಟಿ ಉದ್ದುದ್ದ ಜೋಡಿಸಿ ಇಸ್ತ್ರಿ ಮಾಡಬೇಕು. ನಡುವಿನ ಪಟ್ಟಿ ಸರಿಯಾಗಿ 1 ಇಂಚು, ಇಡೀ ತುಂಡು 3½ ಇಂಚು ಚೌಕ ಬರಬೇಕು. ಕಡಿಮೆ ಬಂದರೆ ಸೂಜಿಯಿಂದ ಕಾಲಿಂಚು ಅಳೆದು ಮೆಷಿನ್ನಿಗೆ ಗುರುತಾಗಿ ಹಚ್ಚಿದ ಅಂಟುಟೇಪನ್ನು ಒಂದು ಕೂದಲೆಳೆ ಸೂಜಿಯ ಕಡೆಗೆ ಸರಿಸಿ ಮತ್ತೆ ಹೊಲಿಯಬೇಕು. ಮಡಿಕೆಯೇ ಕೊಂಚ ಬಟ್ಟೆ ತಿನ್ನುವುದರಿಂದ ಕಾಲಿಂಚಿಗಿಂತ ಕೂದಲೆಳೆ ಕಡಿಮೆ ಹೊಲಿದರೇ ಲೆಕ್ಕ ಕೂಡುತ್ತದೆ. ಟೈಲರ್ ಟೇಪಿನಲ್ಲಿ ಅಳೆಯಬೇಡಿ, ಅದು ಹಿಗ್ಗಿರುತ್ತದೆ.

ತ್ರಿಕೋನಕ್ಕೆ 5 ಇಂಚಿನ ಬಿಳಿ ಮತ್ತು ಬಣ್ಣದ ಚೌಕಗಳ ಒಳಮೈ ಹೊರಗೆ ಬರುವಂತೆ ಒಂದರ ಮೇಲೊಂದಿಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಪಕ್ಕ ಕಾಲಿಂಚಿಗೆ ಹೊಲಿದು, ಗೆರೆಯ ಮೇಲೆ ಕತ್ತರಿಸಿ. ಎರಡು ಸಿಗುತ್ತವೆ. ಇಸ್ತ್ರಿಯನ್ನು ಎಳೆಯಬಾರದು, ಎತ್ತಿ ಎತ್ತಿ ಒತ್ತಬೇಕು. ಆಮೇಲೆ 4½ ಇಂಚಿಗೆ ಅಂಚು ಸವರಿ.

ನಕ್ಷತ್ರಕ್ಕೆ ತಿರುಗುವ ದಿಕ್ಕು ಇದೆ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಮೇಲಿನ ಬಣ್ಣದ ತುದಿ ಎಡಕ್ಕಿದ್ದರೆ ಬಲಗಡೆಯದು ಮೇಲಕ್ಕೆ, ಕೆಳಗಿನದು ಬಲಕ್ಕೆ, ಎಡಗಡೆಯದು ಕೆಳಕ್ಕೆ. ಎಡಬಲ ಅದಲುಬದಲಾದ ಬ್ಲಾಕನ್ನು ಹೇಗೆ ತಿರುಗಿಸಿದರೂ ಸರಿಹೋಗುವುದಿಲ್ಲ, ಬಿಚ್ಚಲೇಬೇಕು. ಆದ್ದರಿಂದ ಮೂರನೇ ವಾರಕ್ಕೆ ಎಲ್ಲರಿಂದಲೂ ಒಂದೇ ಒಂದು ಬ್ಲಾಕ್ ತರಿಸಿ ನೋಡಿ, ಆಮೇಲೆ ಉಳಿದ ಹನ್ನೊಂದಕ್ಕೆ ಒಪ್ಪಿಗೆ ಕೊಟ್ಟೆವು. ಒಟ್ಟು ಮೂರು ತಿಂಗಳು ಇಟ್ಟುಕೊಳ್ಳಿ.

ಕಳಿಸುವಾಗ ಬ್ಲಾಕುಗಳನ್ನು ಮಡಿಸದೆ ರಟ್ಟಿನ ಮೇಲೆ ಹರಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಕು. ಹನ್ನೆರಡೂ ಸೇರಿ ಬಟ್ಟೆ ಸುಮಾರು 200 ಗ್ರಾಂ ತೂಗುತ್ತದೆ. ಹೆಸರಿನ ಚೀಟಿಗೆ ಗುಂಡುಪಿನ್ನು ಬೇಡ, ಮಳೆಗಾಲದಲ್ಲಿ ತುಕ್ಕಿನ ಕಲೆ ಬೀಳುತ್ತದೆ. ಎರಡು ಕಚ್ಚಾ ಹೊಲಿಗೆ ಸಾಕು. ವಾಪಸ್ ಅಂಚೆ ಖರ್ಚನ್ನು ಮೊದಲೇ ವಸೂಲು ಮಾಡಿ. ಎಷ್ಟು ಬ್ಲಾಕ್ ಕೊಟ್ಟರೋ ಅಷ್ಟೇ ವಾಪಸ್ ಎಂಬ ನಿಯಮದಲ್ಲಿ ದಾಕ್ಷಿಣ್ಯ ತೋರಿಸಬೇಡಿ. ತೋರಿಸಿದರೆ ಹೊತ್ತಿಗೆ ಸರಿಯಾಗಿ ಕಳಿಸಿದವರಿಗೇ ಅನ್ಯಾಯ.

ಬ್ಲಾಕಿನ ಹಿಂದೆ ಅಳಿಸದ ಶಾಯಿಯಲ್ಲಿ ಹೆಸರು ಬರೆದು ಇಸ್ತ್ರಿಯ ಬಿಸಿ ಕೊಟ್ಟಿರಲಿ. 1840ರ ದಶಕದ ಅಮೆರಿಕದ ಹೆಂಗಸರು ಸ್ನೇಹಿತೆಯರ ಬ್ಲಾಕಿನ ಮುಂಭಾಗದಲ್ಲೇ ಸಹಿ ಹಾಕುತ್ತಿದ್ದರು. ನಡುವಿನ ಚೌಕ ತಿಳಿಬಣ್ಣದ್ದಾದರೆ ಅಲ್ಲೇ ಕನ್ನಡದಲ್ಲಿ ಬರೆದರೂ ಚೆಂದ.

ಇಷ್ಟಾದರೂ ಒಂದೆರಡು ಬ್ಲಾಕ್ 12¼ ಇಂಚು ಬಂದೇ ಬರುತ್ತವೆ. ಎಳೆದು ಹಿಗ್ಗಿಸಲು ಹೋಗಬೇಡಿ, ಕ್ವಿಲ್ಟ್ ಮುದುಡುತ್ತದೆ. ಸುತ್ತ ಅದೇ ಬಿಳಿಯ 1 ಇಂಚಿನ ಪಟ್ಟಿ ಕೂಡಿಸಿ, ನಕ್ಷತ್ರವನ್ನು ನಡುವಿಗಿಟ್ಟು, ಮತ್ತೆ 12½ಕ್ಕೆ ಸವರಿದರೆ ಆಯಿತು. ಉಳಿದ ಬಿಳಿ ಚೂರನ್ನು ಕೊನೆಯವರೆಗೂ ಎಸೆಯದಿರುವುದು ಇದಕ್ಕೇ. ಬ್ಲಾಕುಗಳ ನಡುವೆಯೂ ಸುತ್ತಲೂ 2 ಇಂಚಿನ ಪಟ್ಟಿ ಕೊಟ್ಟು ಮೂರು ಸಾಲು ನಾಲ್ಕರಂತೆ ಜೋಡಿಸಿದರೆ 44ಕ್ಕೆ 58 ಇಂಚು. 6 ಇಂಚಿನ ಬಾರ್ಡರ್ ಸೇರಿದರೆ 56ಕ್ಕೆ 70, ಒಬ್ಬರು ಹೊದೆಯುವಷ್ಟು.