ಹಳೇ ಡಯಾಬ್ಲೊ ಡೆಮೊನ ಫೋನಲ್ಲಿ ಓಡ್ಸಿದ್ದು: ನನ್ನ ಅನುಭವ

ಡಯಾಬ್ಲೊ ಅಂದ್ರೆ ಚರ್ಚ್ ಕೆಳಗಿನ ನೆಲಮಾಳಿಗೆಗೆ ಇಳಿದು ರಾಕ್ಷಸರ ಜೊತೆ ಹೊಡೆದಾಡೋ ಕಂಪ್ಯೂಟರ್ ಗೇಮ್. ಅದ್ರ ಮೊದಲ್ನೇದನ್ನ ಆಡ್ಬೇಕು ಅಂತ ಆಸೆ, ಆದ್ರೆ ಇಷ್ಟು ಹಳೇ ಗೇಮಿಗೆ ದುಡ್ಡು ಹಾಕ್ಲಾ ಬೇಡ್ವಾ ಅನ್ನೋ ಅನುಮಾನ ಇರೋರಿಗೆ ಇದನ್ನ ಬರೀತಿದೀನಿ. 1996-97ರಲ್ಲಿ ಗೇಮ್ ಬಂದ ಕಾಲಕ್ಕೆ ಅದರ ಕಂಪನಿ ಬ್ಲಿಝಾರ್ಡ್‌ನೋರು ಪ್ರಚಾರಕ್ಕೆ ಅಂತ ಗೇಮಿನ ಸ್ವಲ್ಪ ಭಾಗ ಮಾತ್ರ ಇರೋ ಶೇರ್‌ವೇರ್ ಡೆಮೊ ಬಿಟ್ಟಿದ್ರು, ಅದು ಈಗ್ಲೂ ಫ್ರೀಯಾಗಿ ಸಿಗತ್ತೆ, ಯಾವ ಕಳ್ಳ ಕಾಪಿನೂ ಬೇಕಾಗಿಲ್ಲ.

ನಾನು ಹಾಕ್ಕೊಂಡಿದ್ದು ಡೆವಿಲ್ಯೂಷನ್‌ಎಕ್ಸ್ ಅಂತ ಒಂದು ಪ್ರಾಜೆಕ್ಟ್, ಅದ್ರ ಕೋಡ್ ಎಲ್ರೂ ನೋಡೋ ಹಾಗೆ ಬಿಟ್ಟಿದಾರೆ. ಹಳೇ ಗೇಮಿನ ಕೋಡನ್ನ ರಿವರ್ಸ್ ಇಂಜಿನಿಯರಿಂಗ್ ಮಾಡಿ, ಅಂದ್ರೆ ತಯಾರಾದ ಗೇಮನ್ನ ಬಿಚ್ಚಿ ನೋಡಿ ಮತ್ತೆ ಬರೆದು, ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲದ್ರಲ್ಲೂ ಓಡೋ ಹಾಗೆ ಮಾಡಿದಾರೆ, ಆದ್ರೆ ಅದ್ರಲ್ಲಿ ಇರೋದು ಎಂಜಿನ್, ಅಂದ್ರೆ ಗೇಮ್ ಓಡ್ಸೋ ಪ್ರೋಗ್ರಾಮ್ ಮಾತ್ರ, ಚಿತ್ರ ಶಬ್ದ ಎಲ್ಲಾ ನೀವೇ ಕೊಡ್ಬೇಕು. ಪೂರ್ತಿ ಗೇಮಿನ ಡೇಟಾ ಫೈಲ್ ಅರ್ಧ ಜಿಬಿ ಹತ್ರ ಇದೆ, ಡೆಮೊದು ಸ್ಪಾನ್ ಡಾಟ್ ಎಂಪಿಕ್ಯೂ ಅನ್ನೋ ಒಂದೇ ಫೈಲ್, ಸುಮಾರು 25 ಎಂಬಿ ಅಷ್ಟೇ. ಲ್ಯಾಪ್‌ಟಾಪಲ್ಲಿ ಅದನ್ನ ಗೇಮಿನ ಡೇಟಾ ಫೋಲ್ಡರಿಗೆ ಹಾಕಿದ್ರೆ ಆಯ್ತು. ಫೋನಲ್ಲಿ ಇನ್ನೂ ಸುಲಭ, ಪ್ರಾಜೆಕ್ಟಿನ ಕೋಡ್ ಇಟ್ಟಿರೋ ಸೈಟ್ ಗಿಟ್‌ಹಬ್‌ನಿಂದ ಎಪಿಕೆ (ಆಂಡ್ರಾಯ್ಡ್ ಆಪ್ ಫೈಲ್) ಇಳ್ಸಿ, ಬೇರೆ ಕಡೆಯಿಂದ ಬಂದ ಆಪ್ ಇನ್‌ಸ್ಟಾಲ್ ಮಾಡೋಕೆ ಪರ್ಮಿಷನ್ ಕೊಟ್ಟು ಓಪನ್ ಮಾಡಿದ್ರೆ ಶೇರ್‌ವೇರ್ ಡೇಟಾ ಇಳಿಸ್ಕೊಳ್ಳೋ ಬಟನ್ ಅಲ್ಲೇ ಇರತ್ತೆ. ಸೆಟ್ಟಿಂಗ್ಸಲ್ಲಿ ಊರೊಳಗೆ ಓಡೋ ಆಪ್ಷನ್ ಆನ್ ಮಾಡ್ಕೊಳಿ, ಇಲ್ಲಾಂದ್ರೆ ಗೇಮಿನ ಊರಾದ ಟ್ರಿಸ್ಟ್ರಾಮ್‌ನಲ್ಲಿ ಕಮ್ಮಾರ ಗ್ರಿಸ್ವೋಲ್ಡ್ ಹತ್ರ ಹೋಗಿ ಬರೋದ್ರಲ್ಲೇ ಬೇಜಾರು ಬರತ್ತೆ. ಟಚ್ ಕಂಟ್ರೋಲ್ ಪರ್ವಾಗಿಲ್ಲ, ಬ್ಲೂಟೂತ್ ಗೇಮ್‌ಪ್ಯಾಡ್ ಇದ್ರೆ ಮಜಾನೇ ಬೇರೆ.

ಡೆಮೊದಲ್ಲಿ ಆಡೋಕೆ ಸಿಗೋ ಹೀರೋ ಕತ್ತಿ ಹಿಡಿಯೋ ವಾರಿಯರ್ ಒಬ್ನೇ. ರೋಗ್ (ಬಿಲ್ಲುಗಾತಿ), ಸಾರ್ಸರರ್ (ಮಂತ್ರವಾದಿ) ಹೆಸ್ರು ಕಾಣತ್ತೆ, ಆದ್ರೆ ಒತ್ತಿದ್ರೆ ಪೂರ್ತಿ ಗೇಮ್ ತಗೊಳಿ ಅನ್ನತ್ತೆ. ಇರೋ 16 ಲೆವೆಲ್ಲಲ್ಲಿ (ನೆಲಮಾಳಿಗೆಯ ಅಂತಸ್ತು) ಚರ್ಚ್ ಕೆಳಗಿನ ಮೊದ್ಲೆರಡು ಮಾತ್ರ ಕೊಟ್ಟಿದಾರೆ. ಎರಡನೇದ್ರಿಂದ ಕೆಳಗಿಳಿಯೋ ಮೆಟ್ಲಿಗೆ ಹೋದ್ರೆ ಇದು ಶೇರ್‌ವೇರಲ್ಲಿ ಇಲ್ಲ ಅಂತ ಮೆಸೇಜ್ ಬಂದು ವಾಪಸ್.

ಎರಡೇ ಲೆವೆಲ್ಲಾ ಅಂತ ಮೂಗು ಮುರೀಬೇಡಿ. ಡಂಜನ್ನು (ಅಂದ್ರೆ ಆ ನೆಲಮಾಳಿಗೆ) ಪ್ರತಿ ಹೊಸ ಗೇಮಿಗೂ ಹೊಸದಾಗಿ ತಯಾರಾಗತ್ತೆ, ಗೋಡೆ ಬಾಗ್ಲು ಪೆಟ್ಟಿಗೆ ರಾಕ್ಷಸರು ಎಲ್ಲಾ ಜಾಗ ಬದಲಾಯಿಸ್ತವೆ. ಅದಕ್ಕಿಂತ ದೊಡ್ಡ ವಿಷ್ಯ ಅಂದ್ರೆ ಅದೇ ಹೀರೋನ ಇಟ್ಕೊಂಡೇ ನ್ಯೂ ಗೇಮ್ ಶುರು ಮಾಡ್ಬೋದು, ಅವನು ಗಳಿಸಿದ ಲೆವೆಲ್ಲು (ಶಕ್ತಿಯ ಮಟ್ಟ), ಕತ್ತಿ, ಗುರಾಣಿ, ದುಡ್ಡು ಎಲ್ಲಾ ಹಾಗೇ ಇರತ್ತೆ, ಕೆಳಗಿನ ನೆಲಮಾಳಿಗೆ ಮಾತ್ರ ಬೇರೆ. ನಾನು ಹೀಗೇ ಸುತ್ತುತಾ ಸುತ್ತುತಾ ಡೆಮೊದಲ್ಲೇ ಹೀರೋನ ಚೆನ್ನಾಗಿ ಬೆಳೆಸ್ದೆ. ನನ್ ಪ್ರಕಾರ ಈಗಿನ ಎಷ್ಟೋ ಗೇಮುಗಳ ಡೆಮೊ ಒಂದ್ಸಲ ಆಡಿದ್ರೆ ಮುಗೀತು, ಯಾಕಂದ್ರೆ ಅವು ಕಥೆಯ ಮೊದಲ್ನೇ ತುಂಡು ಕೊಡ್ತವೆ, ಇದು ಕಥೆ ಬಿಟ್ಟು ಆಟದ ಯಂತ್ರವನ್ನೇ ಕೈಗೆ ಕೊಟ್ಬಿಡತ್ತೆ.

ಇನ್ನು ಹೊಡೆದಾಟ. ರೂಮಿನ ಒಳಗೆ ನುಗ್ಗಬೇಡಿ, ಬಾಗ್ಲಲ್ಲೇ ನಿಲ್ಲಿ. ಬಾಗ್ಲಲ್ಲಿ ಒಂದ್ಸಲಕ್ಕೆ ಒಬ್ನೇ ಎದುರು ಬರೋಕಾಗೋದು, ಒಳಗೆ ಹೋದ್ರೆ ಸುತ್ತಲೂ ಮುತ್ಕೊಂಡು ವಾರಿಯರ್‌ಗೆ ಕೈ ಎತ್ತೋಕೂ ಬಿಡಲ್ಲ. ಸ್ಕೆಲಿಟನ್, ಜಾಂಬಿ ಇವಕ್ಕೆ ಕತ್ತಿ ಅರ್ಧ ಪೆಟ್ಟು ಮಾತ್ರ ಕೊಡತ್ತೆ, ಗದೆ ತರದ ಆಯುಧ ಆದ್ರೆ ಒಂದೂವರೆ ಪಟ್ಟು, ಚರ್ಚ್ ಕೆಳಗೆ ಇಂಥವೇ ಜಾಸ್ತಿ ಇರೋದ್ರಿಂದ ಒಂದು ಒಳ್ಳೇ ಗದೆ ಸಿಕ್ಕಿದ್ರೆ ಕತ್ತಿ ಪಕ್ಕಕ್ಕಿಡಿ. ಫಾಲನ್ ಅನ್ನೋ ಕುಳ್ಳ ರಾಕ್ಷಸರು ಜೊತೆಯವನು ಸತ್ತ ತಕ್ಷಣ ಕಿತ್ತು ಓಡ್ತಾರೆ, ಹಿಂದೆ ಬೀಳ್ಬೇಡಿ, ಆಮೇಲೆ ತಾವೇ ತಿರುಗಿ ಬರ್ತಾರೆ, ಹಿಂದೆ ಹೋದ್ರೆ ಕತ್ತಲಲ್ಲಿ ಇನ್ನೊಂದು ಗುಂಪನ್ನ ಎಬ್ಬಿಸಿ ಕರ್ಕೊಂಡ್ ಬಂದಂಗೆ. ಸ್ಕ್ಯಾವೆಂಜರ್‌ಗಳು ಹೆಣ ತಿಂದು ಚೇತರಿಸ್ಕೊಳ್ತವೆ, ಅವುನ್ನ ಬೇಗ ಮುಗ್ಸಿ. ಕೆಲವು ಪೀಪಾಯಿ ಒಡೆದ್ರೆ ಸಿಡಿಯತ್ತೆ, ಜೀವ ಕಮ್ಮಿ ಇದ್ದಾಗ ಮುಟ್ಬೇಡಿ.

ಬೆಲ್ಟಲ್ಲಿ ಎಂಟು ಜಾಗ ಇದೆ, ಎಲ್ಲಾ ಜೀವ ತುಂಬೋ ಔಷಧಿ, ಅಂದ್ರೆ ಹೀಲಿಂಗ್ ಪೋಷನ್ನೇ ತುಂಬಿ. ಊರಲ್ಲಿ ವೈದ್ಯ ಪೆಪಿನ್ ಹತ್ರ ಹೋಗಿ ಮಾತಾಡ್ಸಿದ್ರೆ ಸಾಕು, ಬಿಟ್ಟಿಯಾಗಿ ಗಾಯ ವಾಸಿ ಮಾಡ್ತಾನೆ, ಅದಕ್ಕೆ ಪೋಷನ್ ಖರ್ಚು ಮಾಡ್ಬೇಡಿ. ಮಾಯದ ವಸ್ತು ಏನು ಅಂತ ಊರಿನ ಹಿರಿಯ ಕೇನ್ ಹೇಳೋಕೆ 100 ಚಿನ್ನ ತಗೋತಾನೆ, ಶುರುನಲ್ಲಿ ಅದು ಭಾರಿನೇ, ಆದ್ರೂ ಉಂಗುರ ಸಿಕ್ಕಿದ್ರೆ ಕೊಟ್ಟು ಕೇಳ್ಬೋದು. ವಾರಿಯರ್‌ಗೆ ರಿಪೇರಿ ವಿದ್ಯೆ ಇದೆ, ಫ್ರೀ ಅಂತ ಅದನ್ನೇ ಉಪಯೋಗಿಸ್ತಾ ಹೋದ್ರೆ ಆಯುಧದ ಬಾಳಿಕೆ ಪ್ರತಿಸಲ ಇಳೀತಾ ಹೋಗತ್ತೆ, ನಂಗಂತೂ ಗ್ರಿಸ್ವೋಲ್ಡ್‌ಗೆ ದುಡ್ಡು ಕೊಡೋದೇ ವಾಸಿ ಅನ್ಸತ್ತೆ. ಸಿಂಗಲ್ ಪ್ಲೇಯರಲ್ಲಿ ಸತ್ರೆ ಹಿಂದಿನ ಸೇವ್‌ಗೆ ಹೋಗ್ಬೇಕು, ಹಾಗಾಗಿ ಹೊಸ ಬಾಗ್ಲು ತೆಗೆಯೋ ಮುಂಚೆ ಸೇವ್ ಮಾಡ್ಕೊಳೋದು ನನ್ ಅಭ್ಯಾಸ.

ಇಷ್ಟ ಆಗಿ ಪೂರ್ತಿ ಗೇಮ್ ಬೇಕು ಅನ್ಸಿದ್ರೆ 2019ರಿಂದ ಗೇಮ್ ಮಾರೋ ಸೈಟ್ ಗಾಗ್‌ನಲ್ಲಿ ಮಾರ್ತಿದಾರೆ, ಅದರ ಡೇಟಾ ಫೈಲನ್ನ ಇದೇ ಎಂಜಿನ್‌ಗೆ ಕೊಡ್ಬೋದು. ಆದ್ರೆ ಡೆಮೊ ಸೇವ್ ಬೇರೆ ಹೆಸ್ರಲ್ಲಿ ಕೂರತ್ತೆ, ಬೆಳೆಸಿದ ವಾರಿಯರ್ ಅಲ್ಲಿ ಲಿಸ್ಟಲ್ಲೇ ಕಾಣಲ್ಲ, ಮತ್ತೆ ಮೊದಲಿಂದ ಶುರು ಮಾಡ್ಬೇಕು. ನಾನಂತೂ ಈ ಸಲ ಸಾರ್ಸರರ್ ತಗೊಂಡಿದೀನಿ.